ಲೋಕಯ್ಯನ ಮನೆ ಯಾವುದು?

ನನ್ನ ತಮ್ಮ ಲೋಕಯ್ಯನ ತಲೆಯಲ್ಲಿ ಏನಿದೆಯೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅವನಿಗಾದರೂ ಅರ್ಥವಾಗಿದೆಯೋ, ಅನುಮಾನ. ಕೊಟ್ಟಾರದ ನಮ್ಮ ತಾಯಿ ಕಡೆಯ ಮನೆಯ ಚಾವಡಿಯಲ್ಲೇ ಅಚ್ಚಿನ ಯಂತ್ರವಿಟ್ಟು ಹಿಂದೂ ಪಕ್ಷದ ವಾರಪತ್ರಿಕೆ ಹೊರಡಿಸುತ್ತಿದ್ದ. ಬ್ಯಾರಿ ಮುಸಲ್ಮಾನರ ಅಂಗಡಿಗೆ ಕಾಲಿಡಬೇಡಿ ಎಂದು ಅದರಲ್ಲಿ ಬೆಂಕಿ ಕಾರುವುದು, ಸಂಜೆಯಾದರೆ ನನ್ನ ಕೈಯಲ್ಲಿ ಬ್ಯಾರಿ ಉಮರಬ್ಬನ ಅಂಗಡಿಯಿಂದಲೇ ಬೀಡಿ ತರಿಸುವುದು.

"ದೇಯಕ್ಕ, ನಿಮ್ಮ ತಮ್ಮನ ಪೇಪರಿನಲ್ಲೇ ಕಟ್ಟಿ ಕೊಟ್ಟಿದ್ದೇನೆ," ಎಂದು ಉಮರಬ್ಬ ನಗುತ್ತಿದ್ದ.

ಲೋಕಯ್ಯನ ಭಾಷಣಕ್ಕೆ ಜನ ಸೇರತೊಡಗಿದ ಮೇಲೆ ಅವನ ಕಣ್ಣು ನಮ್ಮ ಅಳಿಯಕಟ್ಟಿನ ಮೇಲೆ, ತಾಯಿಯ ಕಡೆಯಿಂದ ಮನೆ ಇಳಿದುಬರುವ ಪದ್ಧತಿಯ ಮೇಲೆ, ಬಿತ್ತು. ಮನೆ ಹೆಣ್ಣಿನ ಸಂತಾನಕ್ಕೆ ಹೋಗುವುದು ಶಾಸ್ತ್ರವಲ್ಲವಂತೆ. ಅಪ್ಪನ ಆಸ್ತಿ ಮಗನಿಗೇ ಸೇರಬೇಕಂತೆ, ಹಿಂದೂಗಳಿಗೆಲ್ಲ ಒಂದೇ ಕಾನೂನಂತೆ. ಮದ್ರಾಸಿನ ಶಾಸನಸಭೆಗೆ ಹೋಗಿ ಮಾಡಿಸಿಯೇ ಬಿಡುತ್ತೇನೆಂದು ಚುನಾವಣೆಗೆ ಹೊರಟ. ಅಳಿಯಕಟ್ಟಿನವರೇ ಚಪ್ಪಾಳೆ ತಟ್ಟಿದರು! ಹಾಗಾದರೆ ನನ್ನ ಮಗಳು ಬಾಗಿ ಎಲ್ಲಿಗೆ ಹೋಗಬೇಕು?

ಅಷ್ಟರಲ್ಲಿ ಎದುರಾಳಿ ತಕರಾರು ಹಾಕಿದ. ಲೋಕಯ್ಯನ ಹೆಸರಿನಲ್ಲಿ ಮನೆಯೂ ಇಲ್ಲ, ತೆರಿಗೆಯೂ ಇಲ್ಲ, ಅಂಥವನು ಚುನಾವಣೆಗೆ ನಿಲ್ಲುವ ಹಾಗಿಲ್ಲ ಎಂದು. ಅದು ನಿಜವೇ. ಹಿರಿಯವಳೆಂದು ಯಜಮಾನ್ತಿ ನಾನು. ಅಳಿಯಕಟ್ಟಿನ ಪ್ರಕಾರ ಇವನೇ ಯಜಮಾನ ಎಂದು ನಾನು ಹೆಬ್ಬೆಟ್ಟು ಒತ್ತಿದರೆ ಮಾತ್ರ ಅವನು ನಿಲ್ಲಬಹುದಿತ್ತು. ಕಾಗದ ಹಿಡಿದುಕೊಂಡು ಬಂದ.

"ಎಂತ ಮಾರಾಯ, ನೀನು ಮುರಿಲಿಕ್ಕೆ ಹೊರಟ ಕಟ್ಟೇ ಈಗ ಬೇಕಾ?"

"ಗೆಲ್ಲುವವರೆಗೆ ಬೇಕು ಅಕ್ಕ."

"ಮಗನಿಗೆ ಅಪ್ಪನ ಮನೆ ಅಂತ ಬರೀತಿಯಲ್ಲ? ಕೂಳೂರಿನಲ್ಲಿ ಅಪ್ಪನ ಮನೆ ಉಂಟು. ಹೋಗಿ ಅಲ್ಲಿ ಕೇಳು."

ಸಿಟ್ಟಿನಲ್ಲಿ ಅಂದದ್ದು. ಪುಣ್ಯಾತ್ಮ ನಿಜವಾಗಿಯೂ ಹೋದ! ಅಲ್ಲಿ ಈಗ ಅಪ್ಪನ ಸೋದರಳಿಯ ಚನಿಯ ಯಜಮಾನ. ಮಧ್ಯಾಹ್ನ ಕಳೆದು ತಿರುಗಿ ಬಂದವನು ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಚನಿಯ ಬೈದನಾ?"

"ಇಲ್ಲ ಅಕ್ಕ. ಚಾಪೆ ಹಾಸಿದ, ಬೆಲ್ಲ ನೀರು ಕೊಟ್ಟ. 'ಅಪರೂಪಕ್ಕೆ ಬಂದದ್ದು ಭಾವ, ಊಟ ಮಾಡಿಯೇ ಹೋಗ್ಬೇಕು' ಅಂದ."

ನೆಂಟರಿಗೆ ಹೇಳುವ ಮಾತು. ಹುಟ್ಟಿಸಿದವನ ಮನೆಯಲ್ಲಿ ಇವನು ನೆಂಟ. ನನಗೆ ಅಳು ಬಂತು. ಎಷ್ಟಾದರೂ ನಾನು ಎತ್ತಿ ಆಡಿಸಿದ ತಮ್ಮ.

"ಉಂಡೆಯಾ?"

"ಇಲ್ಲ."

ಬಡಿಸಿದೆ. ಉಂಡು ಕೈ ತೊಳೆದು ಬಂದವನು ಮತ್ತೆ ಅದೇ ಕಾಗದ ಚಾಚಿದ.

"ಗೆದ್ದರೆ ಎಂತ ಮಾಡ್ತಿ? ಬಾಗಿಯನ್ನು ಹೊರಗೆ ಹಾಕ್ತಿಯಾ?"

ಸಾವಿರ ಜನರೆದುರು ತಡವರಿಸದ ಬಾಯಿ ಅದು.

"ಗೊತ್ತಿಲ್ಲ ಅಕ್ಕ."

"ಹಾಗಾದರೆ ಗೊತ್ತಾದ ದಿನ ಬಾ," ಎಂದು ಕಾಗದವನ್ನು ಅವನ ಜೇಬಿಗೇ ತುರುಕಿದೆ.