ಬಾಗಿಲ ಬಳಿಯ ಚಾಪೆ

ತಪ್ಪು ಮಾಡದವನು ಮನೆ ಬಾಗಿಲಿಗೆ ಬಂದು ಕ್ಷಮಿಸು ಅಂತ ಕೇಳುತ್ತಾನೆಯೇ? ಒಂದು ವರ್ಷ ಪೂರ್ತಿ ನಾನು ಇದೊಂದನ್ನೇ ಮೆಲುಕು ಹಾಕಿದ್ದೆ.

ಐವತ್ತೆಂಟನೆಯ ಇಸವಿಯ ಬೇಸಿಗೆ. ರಾಮನಾಥಪುರದ ಕೆಳಗೆ, ಹೊಳೆಯ ದಡದಲ್ಲಿ, ನನ್ನ ಹೊಗೆಸೊಪ್ಪಿನ ಸಸಿಮಡಿಯೂ ಸಣ್ಣಯ್ಯನ ಮಡಿಯೂ ಪಕ್ಕಪಕ್ಕದಲ್ಲಿದ್ದವು. ನಡುವೆ ಒಂದು ಮೊಳದ ಬದು. ಸಣ್ಣಯ್ಯ ನನ್ನ ಚಿಕ್ಕಂದಿನ ಗೆಳೆಯ. ಅವನ ಅಪ್ಪನ ಕಾಲಕ್ಕೆ ಅವರ ಮನೆಯವರು ಕಿರಿಸ್ತಾನರಾಗಿದ್ದರು. ಪ್ರಾರ್ಥನೆಯ ಮನೆಯಲ್ಲಿ ಅವನು ದೇವಸಹಾಯ, ನನ್ನ ಬಾಯಿಗೆ ಮಾತ್ರ ಸಣ್ಣನೇ.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಮಡಿಯ ಎಲೆಗಳೆಲ್ಲ ಅಂಚು ಸುಟ್ಟು ಮುದುರಿದ್ದವು. ಬದುವಿನ ಆಚೆ ಅವನ ಮಡಿ ಗಿಣಿಯ ಹಾಗೆ ಹಸಿರು. ಮೂರು ದಿನಕ್ಕೆ ನನ್ನದರಲ್ಲಿ ಒಂದು ಸಸಿಯೂ ಉಳಿಯಲಿಲ್ಲ. ಬದುವಿನ ಮೇಲೆ ಹೆಜ್ಜೆ ಮೂಡಿತ್ತು. ಸಣ್ಣಯ್ಯನ ಎಡಗಾಲಿನ ಹೆಬ್ಬೆರಳು ಹೊರಕ್ಕೆ ತಿರುಗಿಕೊಂಡಿದೆ. ನನಗೆ ಗುರುತು ಸಿಗದೆ ಇರುತ್ತದೆಯೇ? ನನ್ನ ಮಡಿಗೆ ಮುಖ ಮಾಡಿ ಬಹಳ ಹೊತ್ತು ನಿಂತವನ ಹೆಜ್ಜೆ ಅದು.

ಅವನಿಗೆ ನನ್ನ ಮೇಲೆ ಸಿಟ್ಟಿರಲು ಕಾರಣವೂ ಇತ್ತು. ಆ ವಾರವೇ ಬೇಸಾಯದ ಡಿಪೋದಿಂದ ಒಬ್ಬರು ಬಂದು, ಸಸಿಗೆ ರೋಗ ಬಾರದಿರಲೆಂದು ಮೈಲುತುತ್ತದ ಮದ್ದು ಕಲಸುವುದನ್ನು ತೋರಿಸಿದ್ದರು. ನಾನು ಎಲ್ಲ ಗೊತ್ತು ಅಂತ ಅರ್ಧಕ್ಕೇ ಎದ್ದು ಹೋಟೆಲಿಗೆ ಹೋಗಿದ್ದೆ. ಸಣ್ಣಯ್ಯ ಏನೋ ಹೇಳಲು ಹಿಂದೆಯೇ ಬಂದ.

“ಓಗ್ಲಾ, ಮತ ಏಳ್ಕೊಟ್ಟಂಗೆ ಯವಸಾಯನೂ ಏಳ್ಕೊಡಕ್ ಬಂದ್ಬುಟ್ಟ” ಅಂದೆ. ಕೂತಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ.

ಶನಿವಾರ ಸಂಜೆ ಅವನು ನಮ್ಮ ಜಗಲಿಯ ಮುಂದೆ ಬಂದು ನಿಂತ.

“ಕೆಂಚ, ನಾಳೆ ಈಸ್ಟರು. ಪಾದ್ರಿಗಳು ಬತ್ತವ್ರೆ. ನನ್ನಿಂದ ನಿಂಗೆ ತಪ್ಪಾಗದೆ. ಕ್ಸಮಿಸ್ಬುಡು.”

“ಏನ್ಲಾ ತಪ್ಪು?”

“ಏಳ್ತೀನಿ, ಕೂತ್ಕೊ...”

“ಏಳೋದೇನು? ನನ್ ಮಡಿ ಸುಟ್ಟೋನು ನೀನೇ ಕಣ್ಲಾ!”

ಅವನು ಒಂದು ಹೆಜ್ಜೆ ಹಿಂದೆ ಸರಿದ. ಹೋದ.

ಮಾರನೆಯ ವಾರ ಒಂದು ಮಂಕರಿ ತುಂಬ ಸಸಿ ಕಿತ್ತು ತಂದು ಜಗಲಿಯ ಮೇಲಿಟ್ಟ. ನನಗೆ ಅನುಮಾನ ಇನ್ನೂ ಗಟ್ಟಿಯಾಯಿತು. ಮಾಡದವನು ಪುಕ್ಕಟೆ ಯಾಕೆ ಕೊಡುತ್ತಾನೆ? ನನ್ನ ಹೆಂಡತಿ ಮಾದಮ್ಮ, “ಗೆಣೆಕಾರ ತಂದವ್ನೆ, ನೆಟ್ಕೊಳ್ಳಿ” ಅಂದಳು.

“ಸುಮ್ಕಿರು. ಏನ್ ಮದ್ದಾಕವ್ನೋ ಯಾರಿಗ್ ಗೊತ್ತು” ಎಂದು ವಾಪಸ್ಸು ಕಳಿಸಿದೆ. ಆ ವರ್ಷ ಹೊಲಕ್ಕೆ ರಾಗಿ ಚೆಲ್ಲಿದೆ.

ಎರಡು ತಿಂಗಳಾದ ಮೇಲೆ ಅವರ ಪ್ರಾರ್ಥನೆ ನಡೆಸುವ ಉಪದೇಶಿ ನಮ್ಮ ಮನೆಗೆ ಬಂದರು. ಕೆಲವು ತಿಂಗಳಿಗೊಮ್ಮೆ ಪಾದ್ರಿ ಬಂದಾಗ ಮಾತ್ರ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರಂತೆ. ಅದಕ್ಕೆ ಕರ್ತನ ಭೋಜನ ಅಂತ ಹೆಸರು. ಯಾರ ಜೊತೆಗಾದರೂ ಮನಸ್ತಾಪವಿದ್ದರೆ ಮೊದಲು ಹೋಗಿ ಸರಿಮಾಡಿಕೊಳ್ಳಬೇಕಂತೆ. ನಾನು ಕ್ಷಮಿಸದ ಕಾರಣ ಸಣ್ಣಯ್ಯ ಮುಂದಕ್ಕೆ ಹೋಗದೆ, ಚಪ್ಪಲಿ ಬಿಡುವ ಬಾಗಿಲ ಬಳಿ ಚಾಪೆಯ ಮೇಲೆ ಕೂತಿರುತ್ತಾನಂತೆ.

“ಒಂದು ಮಾತು ಕ್ಷಮಿಸಿದೆ ಅನ್ನಿ ಕೆಂಚಯ್ಯನವರೇ. ನಮ್ಮ ಸಭೆಯವರೂ ಅವನನ್ನ ಅನುಮಾನದಿಂದ ನೋಡ್ತಿದಾರೆ.”

“ಕುಂಬ್ಳಕಾಯ್ ಕಳ್ಳ ಅಂದ್ರೆ ಎಗ್ಲು ಮುಟ್ಕೊಂಡನಂತೆ ಸಾ. ಅವ್ನಿಗೇ ಗೊತ್ತು, ಕೂತವ್ನೆ” ಅಂದೆ.

ಮರುವರ್ಷ ಅವನು ತನ್ನ ಮಡಿಯನ್ನು ದೂರ, ಹೊಳೆಯ ತಿರುವಿನಲ್ಲಿ ಹಾಕಿದ. ನಾನು ನನ್ನದಕ್ಕೆ ಸುತ್ತ ಜಾಲಿ ಮುಳ್ಳಿನ ಬೇಲಿ ಕಟ್ಟಿ, ಗುಡಿಸಲು ಹಾಕಿ, ಊಟವನ್ನೂ ಅಲ್ಲಿಗೇ ತರಿಸಿಕೊಂಡು ಕಾದೆ. ಒಮ್ಮೆ ಸಣ್ಣಯ್ಯ ಬೇಲಿಯ ಹತ್ತಿರ ಬಂದ. ದೊಣ್ಣೆ ಎತ್ತಿದೆ, ಹಿಂದಕ್ಕೆ ಹೋದ. ಮಾರನೆಯ ದಿನ ನಾನು ಹೊಳೆಗಿಳಿದು ಬರುವಷ್ಟರಲ್ಲಿ ಬೇಲಿಗೆ ಮುತ್ತುಗದೆಲೆಯ ಒಂದು ಪೊಟ್ಟಣ ಕಟ್ಟಿತ್ತು. ಎಲೆ ಹರಿದ ಕಡೆಯಿಂದ ಬಿಳಿ ಪುಡಿ ಉದುರುತ್ತಿತ್ತು. ಮಾಟ! ಕೈಯಲ್ಲಿ ಮುಟ್ಟದೆ ಕೋಲಿನ ತುದಿಯಲ್ಲಿ ಎತ್ತಿ ಕಾವೇರಿಗೆ ಎಸೆದು, ಮೂರು ಸಲ ಮುಳುಗಿ ಎದ್ದೆ.

ಈಸ್ಟರ್ ಹಿಂದಿನ ಸಂಜೆ ಮೈಲುತುತ್ತದ ನೀರು ಚಿಮುಕಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಎಲೆಯ ಅಂಚು ಸುಡುತ್ತಿತ್ತು, ಹೋದ ವರ್ಷದ ಹಾಗೆಯೇ.

ಬೇಲಿ ಸುತ್ತಿದೆ. ಒಂದು ಮುಳ್ಳೂ ಜರುಗಿಲ್ಲ. ಮಣ್ಣಿನಲ್ಲಿ ಹೆಜ್ಜೆ ಹುಡುಕಿದೆ. ಇದ್ದವೆಲ್ಲ ನನ್ನವೇ. ಕುಕ್ಕರಿಸಿ ಕೂತೆ. ಆಮೇಲೆ ಎದ್ದು ಓಡಿದೆ.

ಪ್ರಾರ್ಥನೆಯ ಮನೆಯಲ್ಲಿ ಬಿಳಿ ನಿಲುವಂಗಿಯ ಪಾದ್ರಿಗಳು ಬಟ್ಟಲು ಹಿಡಿದು ನಿಂತಿದ್ದರು. ಜನ ಒಬ್ಬೊಬ್ಬರಾಗಿ ಮುಂದೆ ಹೋಗುತ್ತಿದ್ದರು. ಸಣ್ಣಯ್ಯ ಚಪ್ಪಲಿಗಳ ಪಕ್ಕ, ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ.

“ಲೇ ಸಣ್ಣ, ಮಡಿ ತಿರ್ಗಾ ಸುಟ್ಟೋಯ್ತಾ ಅದೆ ಕಣ್ಲಾ. ಒಳೀಕೆ ಯಾರೂ ಬಂದಿಲ್ಲ. ನಾನೊಬ್ನೇ ಇದ್ದುದ್ದು. ನೀನಲ್ಲ.”

ಎಲ್ಲರೂ ತಿರುಗಿ ನೋಡಿದರು. ಉಪದೇಶಿಯ ಮುಖ ಅರಳಿತು. “ಏಳಪ್ಪ ದೇವಸಹಾಯ, ಮುಂದಕ್ಕೆ ಬಾ.”

ಸಣ್ಣಯ್ಯ ಎದ್ದ. ಆದರೆ ನನ್ನ ಕಡೆಗೆ ಬಂದ. “ಯಾವಾಗ್ ಚಿಮುಕಿಸ್ದೆ?”

“ನೆನ್ನೆ ಸಂಜೆ.”

“ಸುಣ್ಣದ ನೀರು ಬೆರೆಸ್ದಾ?”

“ಯಾವ ಸುಣ್ಣ?”

“ಸುಣ್ಣ ಇಲ್ದಿದ್ರೆ ಮೈಲುತುತ್ತ ಸುಟ್ಬುಡ್ತದೆ ಕಣೋ! ಬೇಲೀಗ್ ಕಟ್ಟಿದ್ನಲ್ಲ, ಪೊಟ್ಣ?”

“ಅದು... ಮಾಟ ಅನ್ಕಂಡು ಒಳೇಗ್ ಎಸ್ದೆ.”

ಅವನು ಒಮ್ಮೆ ಬಟ್ಟಲಿನ ಕಡೆ ನೋಡಿದ, ಒಮ್ಮೆ ನನ್ನ ಕಡೆ. “ಈಗ್ಲೇ ನೀರ್ ಉಯ್ದು ತೊಳುದ್ರೆ ಅರ್ಧನಾರ ಉಳ್ದಾವು. ಬಾ” ಎಂದು ಹೊರಗೆ ಬಂದುಬಿಟ್ಟ.

ಮಧ್ಯಾಹ್ನದ ತನಕ ಇಬ್ಬರೂ ಕೊಡದಲ್ಲಿ ನೀರು ಹೊತ್ತು ಎಲೆ ತೊಳೆದೆವು. ಅರಕಲಗೂಡಿನ ಬಸ್ಸಿನ ಹಾರ್ನ್ ಕೇಳಿಸಿತು. ಪಾದ್ರಿಗಳು ಹೋಗುವ ಬಸ್ಸು. ಸಣ್ಣಯ್ಯ ಕೊಡ ಇಳಿಸಿ, ಆ ಸದ್ದು ಅಡಗುವ ತನಕ ಕೇಳಿದ.

“ಅಂಗಾರೆ ಓದ್ವರ್ಸ ಯಾತಕ್ಕೆ ಕ್ಸಮಿಸು ಅಂದೆ?” ಅಂದೆ.

“ನೀನ್ ಓಟ್ಲು ಮುಂದೆ ನಗಾಡ್ದೆ. ಆಮ್ಯಾಕೆ ನೀನು ಬರೀ ಮೈಲುತುತ್ತ ಚಿಮುಕಿಸೋದ ಬದಿನ್ ಮ್ಯಾಲ್ ನಿಂತು ನೋಡ್ತಿದ್ದೆ. ಸುಡ್ತದೆ ಅಂತ ಗೊತ್ತಿತ್ತು. ಸುಟ್ಕಳ್ಳಿ ಬುಡು ಅಂತ ಸುಮ್ಕಾದೆ. ಅದೇ ತಪ್ಪು.”

“ಅದ್ನ ಆಗ್ಲೇ ಕೂಗಿ ಏಳಕಾಗ್ತಿರ್ಲಿಲ್ವಾ?”

“ನೀನೇ ಸುಟ್ಕಂಡಿದ್ದು ಅಂತ ನಿನ್ ಮ್ಯಾಲೇ ಆಕ್ಬುಟ್ಟು, ಕ್ಸಮಿಸು ಅಂತ ಎಂಗ್ಲಾ ಕೇಳ್ಲಿ?”

ಅರ್ಧ ಮಡಿ ಉಳಿಯಿತು.

ಪಾದ್ರಿಗಳು ಮತ್ತೆ ಬಂದದ್ದು ನಾಲ್ಕು ತಿಂಗಳಿಗೆ. ಹಿಂದಿನ ಶನಿವಾರ ಅವನು ನಮ್ಮ ಮನೆಗೆ ಬರುವ ಮೊದಲೇ ನಾನು ಅವನ ಬಾಗಿಲಿಗೆ ಹೋಗಿ ನಿಂತೆ.

“ಸಣ್ಣ, ನನ್ ತಪ್ಪಾಯ್ತು, ಕ್ಸಮಿಸ್ಬುಡು.”

ಅವನು ಕಣ್ಣು ಕಿರಿದು ಮಾಡಿ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದ. “ಈಗ್ ಏನ್ ಮಾಡ್ಬುಟ್ ಬಂದಿದ್ದಿಯಲಾ?” ಎಂದು ಹಿತ್ತಲಲ್ಲಿ ದನ ಇದೆಯೋ ಇಲ್ಲವೋ ಬಗ್ಗಿ ನೋಡಿದ. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮಾರನೆಯ ದಿನ ಅವನು ಎಲ್ಲರಿಗಿಂತ ಮೊದಲು ಮುಂದಕ್ಕೆ ಹೋದ. ಬಾಗಿಲ ಬಳಿಯ ಚಾಪೆಯ ಮೇಲೆ ನಾನು ಕೂತಿದ್ದೆ, ಅವನ ಚಪ್ಪಲಿ ಕಾಯುತ್ತ.