ನಿನ್ನೆ ಬಂದವರು ಸೊನ್ನೆ

ಬಾಚಣಿಗೆ ಸಿಕ್ಕಿನಲ್ಲಿ ನಿಂತಿತ್ತು, ಚಿಕ್ಕವಳು ಅಮ್ಮನ ಮೊಣಕಾಲುಗಳ ನಡುವೆ ಕುತ್ತಿಗೆ ಬಗ್ಗಿಸಿ ಕೂತು ಮೆಲ್ಲಗೆ ಅಮ್ಮ ಎಂದು ಆಗಲೇ ಎರಡು ಸಲ ಹೇಳಿಯಾಗಿತ್ತು, ಅಷ್ಟರಲ್ಲಿ ಕಿಟಕಿಯ ಹತ್ತಿರ ಫೋನು ಒಮ್ಮೆ ನಡುಗಿತು — ಏಳೂಕಾಲು, ವೆಬ್‌ಸೈಟಿನ ಲೆಕ್ಕ ಬರುವ ಹೊತ್ತು, ಶನಿವಾರ ಭಾನುವಾರದ್ದು ಬಿಟ್ಟರೆ ದಿನಾ ಬರುವುದು ಒಂದೇ ಅಂಕಿ, ನಿನ್ನೆ ಬಂದವರು ಒಬ್ಬರು, ಆ ಒಂದನ್ನು ಕಂಡರೆ ಸಾಕು ಅವಳಿಗೆ ಆ ದಿನದ ಪಾತ್ರೆ ಬಟ್ಟೆ ಎಲ್ಲ ಹಗುರ — ಇವತ್ತು ಸೊನ್ನೆ. ಇರಲಾರದು, ಮತ್ತೆ ನೋಡಿದಳು, ಸೊನ್ನೆಯೇ. ಯಾಕೆ ಬರಲಿಲ್ಲ ದೊಡ್ಡವಳು, ಮೈ ಸರಿಯಿಲ್ಲವೇ, ಒಂದು ಲೋಟ ಬಿಸಿನೀರು ಕಾಯಿಸಿ ಕೊಡುವವರು ಯಾರಿದ್ದಾರೆ ಅಲ್ಲಿ, ನಿನ್ನೆಯಿಡೀ ಇವಳು ಚಿಕ್ಕವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳಲ್ಲ, ಅಕ್ಕತಂಗಿಯರಿಗೆ ಮೊದಲಿನಿಂದಲೂ ಜ್ವರ ಜೊತೆಯಲ್ಲೇ, ಒಬ್ಬಳು ಮಲಗಿದರೆ ಇನ್ನೊಬ್ಬಳೂ ಚಾಪೆ ಹಿಡಿಯಬೇಕು.

ದೊಡ್ಡವಳು ಮನೆ ಬಿಟ್ಟು ಹದಿನಾಲ್ಕು ತಿಂಗಳು, ನಂಬರು ಬದಲಾಯಿಸಿದ್ದಾಳೆ, ಸುದ್ದಿಯಿಲ್ಲ, ಅವಳು ಬಿಟ್ಟುಹೋದ ಚಿತ್ರಗಳನ್ನೆಲ್ಲ ಫೋಟೋ ತೆಗೆದು ಇವಳೊಂದು ವೆಬ್‌ಸೈಟ್ ಮಾಡಿದಳು, ಅಂಗಡಿಯವರಿಗೆಲ್ಲ ಮಾಡಿಕೊಡುವ ಕೈ ತಾನೇ, ಅದಕ್ಕೆ ಮಗಳ ಹೆಸರನ್ನೇ ಇಟ್ಟಳು, ತನ್ನ ಹೆಸರನ್ನು ತಾನೇ ಹುಡುಕಿ ನೋಡದವರು ಯಾರಿದ್ದಾರೆ, ಎಂದಾದರೂ ಕಣ್ಣಿಗೆ ಬಿದ್ದೀತು. ಬಿತ್ತೋ ಇಲ್ಲವೋ ತಿಳಿಯಬೇಡವೇ, ಬಂದವರನ್ನು ಎಣಿಸುವ ರೆಡಿಮೇಡ್ ಸಾಮಾನೊಂದನ್ನು ತಂದು ಸೇರಿಸಿದಳು, ಸೇರಿಸಿದ್ದೇ ತಡ ಪುಟ ತೆರೆಯಲು ಆರು ಸೆಕೆಂಡು, ಆರು ಸೆಕೆಂಡಿನ ತಾಳ್ಮೆ ದೊಡ್ಡವಳಿಗೆ ಹುಟ್ಟಿನಿಂದಲೇ ಇಲ್ಲ, ಹಾಲು ಆರುವ ತನಕ ಕಾಯದೆ ನಾಲಿಗೆ ಸುಟ್ಟುಕೊಳ್ಳುವವಳು, ಯಾವ ಮೂಲೆಯಲ್ಲಿ ಎಂಥ ಹಳೇ ಫೋನು ಹಿಡಿದಿದ್ದಾಳೋ. ಆಫೀಸಿನ ಹಿರಿಯರು ನೋಡಿ ನಕ್ಕರು, ಬಂದೋರನ್ನ ಬಾಗಿಲಲ್ಲೇ ನಿಲ್ಲಿಸಿ ಊರು ಕೇರಿ ವಿಚಾರಿಸಿದ್ರೆ ಯಾರು ಒಳಗೆ ಬರ್ತಾರಮ್ಮ, ಮೊದಲು ಚಿತ್ರ ತೋರಿಸು, ನೋಡ್ತಾ ಇರಲಿ, ಆಮೇಲೆ ಸದ್ದಿಲ್ಲದೆ ಎಣಿಸ್ಕೋ — ಬಾಗಿಲಲ್ಲೇ, ಅವತ್ತು ದೊಡ್ಡವಳು ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದಳು, ಇನ್ನೊಂದು ಕಾಲಿನಲ್ಲೇ ಇತ್ತು, ಎಲ್ಲಿಗೆ ಹೋಗಿದ್ದೆ ಯಾರ ಜೊತೆ ಹೋಗಿದ್ದೆ ಹೇಳಿ ಒಳಗೆ ಬಾ ಎಂದವಳು ಯಾರು, ಇವಳೇ, ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ ಆ ಬೆರಳುಗಳು — ಸಾಮಾನನ್ನು ಕಿತ್ತೆಸೆದು ತಾನೇ ಹತ್ತು ಸಾಲು ಕೋಡ್ ಬರೆದಳು, ಚಿತ್ರಗಳೆಲ್ಲ ಮೂಡಿದ ಮೇಲಷ್ಟೇ ಎಚ್ಚರಾಗುವ ಸಾಲುಗಳು, ಯಾವಾಗ ಬಂದರು, ಎಷ್ಟು ಹೊತ್ತು ಇದ್ದರು, ಯಾವ ಚಿತ್ರ ನೋಡಿದರು, ಬೇರೇನೂ ಕೇಳದವು, ಪುಟ ಒಂದು ಸೆಕೆಂಡಿನೊಳಗೆ ತೆರೆಯಿತು. ಈ ಮನೆಯಿಂದ ನೋಡಿದ್ದನ್ನು ಎಣಿಸಬೇಡ ಎಂದೂ ಬರೆದಳು, ತನ್ನ ಕಣ್ಣಿಗೆ ತಾನೇ ಮಣ್ಣೆರಚಿಕೊಳ್ಳಬಾರದಲ್ಲ.

ಮೂರು ವಾರ ಕಳೆದು ಒಂದು ದಿನ ಲೆಕ್ಕದಲ್ಲಿ ಒಂದು. ಮರುದಿನವೂ ಒಂದು. ಬೆಳಿಗ್ಗೆ ಹನ್ನೊಂದು ಗಂಟೆಗೆ ಬಂದು ಹತ್ತು ನಿಮಿಷ ಇರುತ್ತಾಳೆ, ಶನಿವಾರ ಭಾನುವಾರ ಬರುವುದಿಲ್ಲ, ಹಾಗಾದರೆ ಎಲ್ಲೋ ಕೆಲಸಕ್ಕೆ ಸೇರಿದ್ದಾಳೆ, ವಾರಕ್ಕೆರಡು ರಜೆ ಕೊಡುವ ಒಳ್ಳೆಯ ಕಡೆ, ಹೆಚ್ಚು ಹೊತ್ತು ನಿಲ್ಲುವುದು ಏಳನೆಯ ಚಿತ್ರದ ಮುಂದೆ, ತಂಗಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿರುವ ಚಿತ್ರ, ಅಮ್ಮ ಬೇಡವಾದರೆ ಬೇಡ, ತಂಗಿಯಾದರೂ ನೆನಪಿದ್ದಾಳೆ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ, ಮೊನ್ನೆ ಆಸೆ ತಡೆಯದೆ ಇನ್ನೊಂದು ಸಾಲು ಸೇರಿಸಿದಳು, ಯಾವ ಊರಿನಿಂದ ಎಂದು ಕೇಳುವ ಸಾಲು, ಮೊನ್ನೆ ಸೇರಿಸಿದ್ದು, ನಿನ್ನೆ ಸೊನ್ನೆ, ಪುಟ ಭಾರವಾಯಿತೇ, ಅವಳಿಗೆ ತಿಳಿದುಹೋಯಿತೇ, ಮತ್ತೆ ಕೇಳಿದೆನಲ್ಲ, ಕೇಳದೆ ಇರಲಾರೆನಲ್ಲ ನಾನು, ಒಂದು ಕಾಲು, ಚಪ್ಪಲಿ, ಬಾಗಿಲಲ್ಲೇ —

ಚಿಕ್ಕವಳು ತಲೆಯಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡೇ ತಿರುಗಿದಳು. ವಾರದಿಂದ ಏನೋ ಕೇಳಲು ಬಾಯಿ ತೆರೆಯುವುದು, ಏನಿಲ್ಲ ಬಿಡು ಎನ್ನುವುದು, ಹೀಗೇ ಮಾಡುತ್ತಿದ್ದಳು. ಈಗ ಫೋನಿನ ಸೊನ್ನೆಯನ್ನು ನೋಡಿದಳು, ಅಮ್ಮನ ಮುಖ ನೋಡಿದಳು.

ಬೈಬೇಡ ಅಮ್ಮ, ಸ್ಕೂಲ್ ಲೈಬ್ರರಿ ಕಂಪ್ಯೂಟರಲ್ಲಿ ನಾನು ದಿನಾ ನೋಡ್ತೀನಿ, ನಾನು ಮಲಗಿರೋದು ಅಕ್ಕ ಬರೆದಿದ್ದಾಳಲ್ಲ, ಅದನ್ನ. ನಿನ್ನೆ ಜ್ವರ ಅಂತ ಹೋಗ್ಲಿಲ್ಲ, ಅಷ್ಟೆ.

ಆಮೇಲೆ, ತುಂಬ ಮೆಲ್ಲಗೆ — ಅಕ್ಕನೂ ನೋಡ್ತಾಳಾ ಅಮ್ಮ?