ಎಲ್ಲರೂ ಬಿಗಿದ ಪಂಪು

ನಾನು ಜೋಡಿಸಿದ ಪಂಪಿನಿಂದ ಎಣ್ಣೆ ಸೋರುವುದಿರಲಿ, ಎಣ್ಣೆಯ ವಾಸನೆಯೂ ಹೊರಗೆ ಬರುವುದಿಲ್ಲ. ನಾನು ಸ್ಪ್ಯಾನರ್ ಎತ್ತಿದರೆ ಸಾಕು, ಎಣ್ಣೆ ಹೆದರಿ ಮೈ ಮುದುರಿಕೊಂಡು ಒಳಗೇ ಕೂರುತ್ತದೆ. ಇಂಥ ನನ್ನನ್ನೂ ಒಂದು ಪಂಪು ಇಡೀ ದಿನ ಮಂಗ ಮಾಡಿತು.

ವರ್ಕ್‌ಶಾಪು ಸೋದರಮಾವನದು. ಅಲ್ಲಿ ಕಿಟಕಿ ಪಕ್ಕದ ಬೆಂಚು ಯಾರದೋ ಅವರೇ ಹೆಡ್ ಫಿಟ್ಟರ್. ಆ ಬೆಂಚಿನ ಮೇಲೆ ನನಗೂ ಕಣ್ಣು, ನನಗಿಂತ ಮೊದಲೇ ಕೆಲಸ ಕಲಿತ ಅತ್ತಿಗೆಗೂ ಕಣ್ಣು. ಮಾವ ಬೆಳಿಗ್ಗೆ ಹೊರಗೆ ಹೊರಡುವಾಗ ತೀರ್ಮಾನ ಹೇಳಿಬಿಟ್ಟರು: ಎಣ್ಣೆ ಪಂಪು ಜೋಡಿಸಿ ಓಡಿಸುತ್ತಿರು, ಸಂಜೆ ನಾನು ಬಂದಾಗ ಕೆಳಗೆ ಹಾಸಿದ ಕಾಗದ ಚೊಕ್ಕಟವಾಗಿದ್ದರೆ ಬೆಂಚು ನಿನಗೆ, ಒಂದು ಹನಿ ಕಂಡರೂ ಅತ್ತಿಗೆಗೆ.

ಪಂಪಿನ ಎರಡು ಹೋಳುಗಳ ಅಂಚನ್ನು ಕನ್ನಡಿಗೂ ಹೊಟ್ಟೆಕಿಚ್ಚಾಗುವಂತೆ ಒರೆಸಿದೆ. ನಡುವೆ ಎಣ್ಣೆ ಹೊರಬರದಂತೆ ತಡೆಯುವ ಕಾಗದದ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿದೆ. ಓಡಿಸಿದೆ. ಹನಿಯಿಲ್ಲ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿ ಪಕ್ಕದ ಬೀದಿಗೆ ಬಿತ್ತು. ಟೀ ಕುಡಿದು ಬಂದು ನೋಡುತ್ತೇನೆ, ಕಾಗದದ ಮೇಲೆ ಎಣ್ಣೆ.

ಬಿಚ್ಚಿದರೆ ಗ್ಯಾಸ್ಕೆಟ್ ನಜ್ಜುಗುಜ್ಜಾಗಿ ಅಂಚಿನಿಂದ ನಾಲಿಗೆ ಚಾಚಿತ್ತು. ಬಿಗಿ ಅತಿಯಾದರೆ ಅದು ಹೀಗೆ ಹಿಂಡಿಹೋಗಿ ಎಣ್ಣೆಗೆ ದಾರಿ ಬಿಡುತ್ತದೆ; ಆದರೆ ಅಷ್ಟು ನಾನೆಲ್ಲಿ ಬಿಗಿದಿದ್ದೆ? ಹೊಸದು ಹಾಕಿದೆ. ಊಟ ಮುಗಿಸಿ ಬಂದರೆ ಈ ಸಲ ಇನ್ನೊಂದು ಪಕ್ಕದಲ್ಲಿ ಹನಿ. ನನ್ನ ತಲೆ ಪಂಪಿಗಿಂತ ಜೋರಾಗಿ ತಿರುಗಿತು. ಕಬ್ಬಿಣವೇ ಬಿರುಕು ಬಿಟ್ಟಿದೆಯೇ, ನನ್ನ ಕಣ್ಣೇ ಮಂಜಾಗಿದೆಯೇ, ಅಥವಾ ಎಣ್ಣೆಗೆ ನನ್ನ ಮೇಲೇನಾದರೂ ಹಗೆಯೇ, ಒಂದೂ ತಿಳಿಯಲಿಲ್ಲ. ಮತ್ತೆ ಜೋಡಿಸಿ, ಸೋರಿಕೆ ಎಲ್ಲಿಂದ ಹೊರಡುತ್ತದೆಂದು ಕಾಣಲಿ ಎಂದು ಪಂಪಿನ ಮೈಗೆಲ್ಲ ಮುಖಕ್ಕೆ ಹಚ್ಚುವ ಪೌಡರು ಉದುರಿಸಿದೆ. ಮದುಮಗನಂತೆ ಬೆಳ್ಳಗಾಯಿತು. ಕೈ ತೊಳೆದು ಬಂದರೆ ಮದುಮಗನ ಕೆನ್ನೆಯ ಮೇಲೆ ಬೆರಳಿನ ಗುರುತು.

ಅಲ್ಲೇ ಕೆಲಸ ಮಾಡುವ ಅಣ್ಣನನ್ನು ಕರೆದು ಕೇಳಿದೆ. ಅವನ ಬೆರಳು ಬೆಳ್ಳಗಿತ್ತು.

"ನಿಂಗೆ ಬೆಂಚು ಸಿಗ್ಲಿ ಅಂತ ಸ್ಪ್ಯಾನರ್ ಹಾಕಿ ಒಂದೇ ಒಂದು ಎಳೆತ ಎಳ್ದೆ ಕಣೋ."

ನಮ್ಮ ವರ್ಕ್‌ಶಾಪಿನ ರೋಗವೇ ಅದು. ಬೋಲ್ಟು ಕಂಡರೆ ದಾಟಿಹೋಗುವವರೆಲ್ಲ, ಮಗುವಿನ ತಲೆ ಸವರಿದಂತೆ, ಒಂದು ಎಳೆತ ಎಳೆದೇ ಮುಂದೆ ಹೋಗುತ್ತಾರೆ. ಅತ್ತಿಗೆಯನ್ನೂ ಕೇಳಿದೆ. ಬರುವಾಗೊಮ್ಮೆ ಹೋಗುವಾಗೊಮ್ಮೆ ತಾನೂ ಬಿಗಿದೆ ಎಂದರು. ನನ್ನ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಕೇಳಿದ್ದಕ್ಕೆ, "ಕೈ ತಾನಾಗೇ ಹೋಯ್ತಪ್ಪ, ಕೈನ ಕೇಳು" ಎಂದುಬಿಟ್ಟರು. ಅವರ ಮುಖ ನೋಡಿದರೆ ಅವರಿಗೂ ಗೊತ್ತಿದ್ದಂತಿರಲಿಲ್ಲ.

ಕೊನೆಯ ಗ್ಯಾಸ್ಕೆಟ್ ಹಾಕಿ, ವರ್ಕ್‌ಶಾಪಿನ ಸ್ಪ್ಯಾನರುಗಳನ್ನೆಲ್ಲ ಗುಡ್ಡೆ ಹಾಕಿ ಅದರ ಮೇಲೆ ಕೂತೆ. ರಾಜರೂ ಅಂಥ ಚುಚ್ಚುವ ಸಿಂಹಾಸನದಲ್ಲಿ ಕೂತಿರಲಿಕ್ಕಿಲ್ಲ. ಪಂಪು ಓಡಿತು, ಓಡಿತು, ಬೆವರಲೂ ಇಲ್ಲ.

ಸಂಜೆ ಮಾವ ಬಂದರು. ಕಾಗದ ಎತ್ತಿ ಬೆಳಕಿಗೆ ಹಿಡಿದರು, ಮೂಸಿದರು, ಮತ್ತೆ ಹಾಸಿದರು. ಭೇಷ್ ಎನ್ನುತ್ತ ಜೇಬಿನಿಂದ ತಮ್ಮ ಸ್ಪ್ಯಾನರ್ ತೆಗೆದು, ನಾನು ಗುಡ್ಡೆಯಿಂದ ಏಳುವಷ್ಟರಲ್ಲಿ ಬೋಲ್ಟುಗಳಿಗೆಲ್ಲ ಒಂದೊಂದು ಎಳೆತ ಎಳೆದರು. ಅಂಚಿನಲ್ಲಿ ಎಣ್ಣೆ ಮಿನುಗಿ, ಹನಿಯಾಗಿ, ಟಪ್ಪೆಂದು ಬಿತ್ತು.

ಮಾವ ಹನಿಯನ್ನು ನೋಡಿದರು, ನನ್ನನ್ನು ನೋಡಿದರು, ಹನಿ ಕಂಡಿತಲ್ಲ ಎಂದು ಗೊಣಗಿದರು. ಗೆದ್ದೆನೋ ಸೋತೆನೋ ತಿಳಿಯದೆ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಬೆಂಚು ಈಗ ಅತ್ತಿಗೆಯ ಕೈಗೆ ಬಂದಂತೆಯೇ, ಅವರು ಸುಮ್ಮನಿದ್ದರೆ ಸಾಕಿತ್ತು.

"ಮಾವ, ಅವನು ಮಾಡಿದ್ದು ಸೋರ್ಲಿಲ್ಲ. ನೀವು ಬಿಗ್ದಿದ್ದು ಸೋರ್ತು" ಎಂದರು ಅತ್ತಿಗೆ.

ಮಾವ ಬಹಳ ಹೊತ್ತು ತಲೆ ಕೆರೆದುಕೊಂಡರು. ಆಮೇಲೆ ಸ್ಪ್ಯಾನರನ್ನು ನನ್ನ ಕೈಗೆ ತುರುಕಿ, ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿ ಹೊರಗೆ ಹೋದರು. ಬೆಂಚಿನಲ್ಲಿ ಕೂತು ಅತ್ತಿಗೆಯನ್ನು ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ನನಗಿಂತ ಹೆಚ್ಚು ಗೊಂದಲದಲ್ಲಿ ಅವರೇ ಇದ್ದರು.